ಸೊಂಟದ ಕೆಂಪು ಚೀಟಿ

ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಹೆಗಲಿಗೆ ಬ್ಯಾಗು ಏರಿಸಿ ಕೊಪ್ಪದಿಂದ ಮಂಡ್ಯದ ಬಸ್ಸು ಹತ್ತಿದ ಮೊದಲ ದಿನ ಕಂಡಕ್ಟರು ನನ್ನ ವಿದ್ಯಾರ್ಥಿ ಪಾಸನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ಯಾರ್ದು, ಮಗೀದಾ?" ಎಂದು ಕೇಳಿದ. ನನ್ನದೇ ಎಂದೆ. ಅವನು ಇನ್ನೊಮ್ಮೆ ಫೋಟೋ ನೋಡಿದ. "ನೋಡಿದ್ದು ಸಾಕು, ಕೊಡಪ್ಪ" ಎಂದು ಕಿತ್ತುಕೊಂಡೆ. ನನ್ನ ಸಿಟ್ಟು ಆಗಲೂ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲೇ ಇದೆ.

ವಿಶೇಷ ಮಕ್ಕಳಿಗೆ ಪಾಠ ಹೇಳುವ ಮೇಷ್ಟರಾಗಲು ಎರಡು ವರ್ಷದ ಓದು ಅದು. ವಿಶೇಷ ಶಿಕ್ಷಣವೇ ಮುಖ್ಯ ವಿಷಯ. ಅದರ ಜೊತೆಗೆ ಮಾತು-ಸಂವಹನ ಒಂದು ಪತ್ರಿಕೆ, ರಂಗಭೂಮಿ ಇನ್ನೊಂದು. ಈ ಕೊನೆಯ ಎರಡು ಯಾಕಿವೆ ಎಂದು ನನಗೆ ಅರ್ಥವಾಗಿರಲಿಲ್ಲ. ತವರೂರು ಕೊತ್ತತ್ತಿಯಲ್ಲಿ ನಾಲೆಯ ಈಚೆ ದಡದಿಂದ ಆಚೆ ಗದ್ದೆಯಲ್ಲಿದ್ದವರನ್ನು ಊಟಕ್ಕೆ ಕೂಗಿ ಬೆಳೆದವಳು ನಾನು, ನನಗೇನು ಮಾತು ಕಲಿಸುವುದು? ಸಂವಹನದ ಮೇಡಂ ಮೊದಲ ತರಗತಿಯಲ್ಲೇ, ನಿಮ್ಮ ದನಿ ಅರ್ಧಕ್ಕೆ ಇಳಿಸಿ ಎಂದರು. "ನಮ್ಮೂರಲ್ಲಿ ಅರ್ಧ ದನೀಲಿ ಮಾತಾಡುದ್ರೆ ಯಾರ್ದೋ ಚಾಡಿ ಏಳ್ತಾವ್ಳೆ ಅಂತಾರೆ ಮೇಡಂ" ಎಂದೆ. ಇಡೀ ತರಗತಿ ನಕ್ಕಿತು. ಮೇಡಂ ನಗಲಿಲ್ಲ. "ಬಾಯಿಂದ ಬಂದದ್ದೆಲ್ಲ ಮಾತಲ್ಲ. ನಿಮ್ಮಿಂದ ಎದುರಿನವರು ನಡೆದುಕೊಳ್ಳುವ ರೀತಿ ಬದಲಾಗಬೇಕು. ಆಗ ಅದು ಮಾತು" ಎಂದರು. ಹಾಗಾದರೆ ನಮ್ಮತ್ತೆಯ ಜೊತೆ ನಾನು ಹನ್ನೆರಡು ವರ್ಷ ಮಾತೇ ಆಡಿಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು, ಮೇಡಂ ಹೇಳಿದ್ದನ್ನು ಬರೆದುಕೊಂಡೆ.

ಎರಡನೆಯ ವರ್ಷ ನಮ್ಮನ್ನು ಮದ್ದೂರಿನ ಒಂದು ಪುಟ್ಟ ವಿಶೇಷ ಶಾಲೆಗೆ ಅಭ್ಯಾಸಕ್ಕೆ ಕಳಿಸಿದರು. ಅಲ್ಲಿ ನನ್ನ ಪಾಲಿಗೆ ಬಂದವಳು ಸೋಮನಹಳ್ಳಿಯ ಹನ್ನೆರಡು ವರ್ಷದ ಒಬ್ಬ ಹುಡುಗಿ. ಆಟಿಸಂ ಎಂದು ಅವಳ ಕಾಗದದಲ್ಲಿ ಬರೆದಿತ್ತು. ಕಿವಿ ಚುರುಕು, ಕಣ್ಣು ಚುರುಕು, ಬಾಯಲ್ಲಿ ಮಾತಿಲ್ಲ. ಅಂಥ ಮಕ್ಕಳಿಗೆ ಮಾತಿನ ಬದಲು ಎತ್ತಿ ತೋರಿಸಲು ನಾವು ಬಣ್ಣದ ಚೀಟಿ ಕಟ್ಟಿಕೊಡುತ್ತೇವೆ. ಅವಳ ಸೊಂಟದ ದಾರದಲ್ಲಿ ಎರಡು ಚೀಟಿಗಳಿದ್ದವು. ಹಸಿರು ಅಂದರೆ ಬೇಕು, ಕೆಂಪು ಅಂದರೆ ಬೇಡ. ಹಸಿರನ್ನು ಒಂದೇ ವಾರದಲ್ಲಿ ಕಲಿತಳು. ಬಿಸ್ಕತ್ತು ಕಂಡರೆ ಹಸಿರು, ಉಯ್ಯಾಲೆ ಕಂಡರೆ ಹಸಿರು. ಕೆಂಪನ್ನು ಮಾತ್ರ ಮುಟ್ಟಲಿಲ್ಲ. ಬೇಕೆಂದೇ ಅವಳ ಕುರ್ಚಿ ಎಳೆದುಕೊಂಡೆ, ಸುಮ್ಮನೆ ನಿಂತಳು. ಬಲಗಾಲಿನ ಚಪ್ಪಲಿ ಎಡಗಾಲಿಗೆ ಹಾಕಿದೆ, ಹಾಗೇ ನಡೆದಳು. ಕೊನೆಗೆ ಹಸಿ ಹಾಗಲಕಾಯಿಯ ಹೋಳು ಕೊಟ್ಟೆ. ಅಗಿದು ನುಂಗಿದಳು. ಪಕ್ಕದಲ್ಲಿ ಕೂತು ಅದೇ ಹೋಳು ತಿಂದು ಮುಖ ಕಿವುಚಿದವಳು ನಾನು.

ಅವಳ ಅಪ್ಪ ಸೋಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅದಕ್ಕಿಂತ ಹೆಚ್ಚಾಗಿ ಅವರು ಊರಿನ ಪೌರಾಣಿಕ ನಾಟಕದ ಪಾತ್ರಧಾರಿ. ಹಾರ್ಮೋನಿಯಂ ಮೇಷ್ಟರ ಪಕ್ಕ ನಿಂತು ಪದ ಎತ್ತಿದರೆ ಮೈಕು ಬೇಡದ ಗಂಟಲು. ಆ ಗಂಟಲಿಗೆ ಹುಟ್ಟಿದ ಮಗಳ ಬಾಯಲ್ಲಿ ಒಂದು ಅಕ್ಷರವಿಲ್ಲವಲ್ಲ ಎಂದು ಊರಿನವರು ಲೊಚಗುಟ್ಟುತ್ತಿದ್ದರು. ಅವರು ಮಾತ್ರ ಒಂದು ದಿನವೂ ಹಾಗೆ ಅಂದವರಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ ಆ ಹುಡುಗಿ ಕಾಣೆಯಾದಳು. ಅಪ್ಪ ಶಾಲೆಗೆ ಬಿಡಲು ಕರೆದುಕೊಂಡು ಹೊರಟವರು, ಹೆದ್ದಾರಿಯ ಪಕ್ಕ ಬೈಕು ನಿಲ್ಲಿಸಿ ಗಾಳಿ ಹಾಕಿಸುತ್ತಿದ್ದರು. ರಸ್ತೆ ದಾಟಲು ಹೆದರಿದ ಒಬ್ಬ ಅಜ್ಜಿ ಪಕ್ಕದಲ್ಲಿದ್ದ ಈ ಹುಡುಗಿಯ ಕೈ ಹಿಡಿದುಕೊಂಡರು. ಇವಳು ದಾಟಿಸಿದಳು. ಅಜ್ಜಿ ಕೈ ಬಿಡಲಿಲ್ಲ, ಇವಳೂ ಬಿಡಿಸಿಕೊಳ್ಳಲಿಲ್ಲ. ಅಜ್ಜಿಯ ಜೊತೆಗೇ ಬಸ್ಸು ಹತ್ತಿದಳು ಎಂದು ಕಂಡವರು ಆಮೇಲೆ ಹೇಳಿದರು. ಅಜ್ಜಿ ಇಳಿದು ತಮ್ಮ ದಾರಿ ಹಿಡಿದ ಮೇಲೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ನಿಂತಿದ್ದವಳನ್ನು ನಮ್ಮ ಶಾಲೆಯ ಆಯಾ ಗುರುತು ಹಿಡಿಯುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಅಪ್ಪ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಅಜ್ಜಿ ಆದ್ದಕ್ಕೆ ಸರಿಯೋಯ್ತು" ಎಂದರು. "ಬ್ಯಾರೆ ಯಾರಾರ ಆಗಿದ್ರೆ? ಯಾರ್ ಕೈ ಇಡುದ್ರೂ ಓಯ್ತಾಳೆ ಕಣಮ್ಮ. ಬ್ಯಾಡ ಅನ್ನಕ್ಕೇ ಬರಾಕಿಲ್ಲ ಅವ್ಳಿಗೆ. ದೊಡ್ಡೋಳಾಯ್ತಾ ಅವ್ಳೆ. ಇನ್ ಸಾಲೆ ಸಾಕು, ಮನೇಲಿರ್ಲಿ ಬುಡಿ."

ಯಾವ ವಾದ ಹೂಡಿದರೂ ಅವರು ಹೇಳಿದ್ದು ನಿಜವಾಗಿತ್ತು. ಮನೆಯಲ್ಲಿ ಅವಳ ಸ್ವಂತ ಅಜ್ಜಿ, "ನಮ್ ಮಗ ಬಲು ಸಾಧು ಕಣವ್ವ, ಏನ್ ಕೊಟ್ರೂ ತಿಂತದೆ, ಎಲ್ಗ್ ಕರುದ್ರೂ ಬತ್ತದೆ" ಎಂದು ಮೊಮ್ಮಗಳನ್ನು ಹೊಗಳುತ್ತಿದ್ದದ್ದು ನೆನಪಾಯಿತು. ನಾನೂ ಮೂವತ್ನಾಲ್ಕರವರೆಗೆ ಮನೆಯಲ್ಲಿ ಸಿಟ್ಟು ನುಂಗಿಕೊಂಡು ಎಲ್ಲದಕ್ಕೂ ಆಗಲಿ ಅಂದವಳೇ. ಒಳ್ಳೆ ಸೊಸೆ ಎಂದು ನನ್ನನ್ನೂ ಹೊಗಳುತ್ತಿದ್ದರು.

ಆದರೆ ಮಾರ್ಚಿನಲ್ಲಿ ನಮ್ಮ ಕೊನೆಯ ಪ್ರಾಯೋಗಿಕ ಪರೀಕ್ಷೆಯಿತ್ತು. ಮಕ್ಕಳಿಂದ ಅರ್ಧ ಗಂಟೆಯ ನಾಟಕ ಆಡಿಸಬೇಕು, ಹೊರಗಿನ ಪರೀಕ್ಷಕರು ಬರುತ್ತಾರೆ. ಆ ಹುಡುಗಿಗೆ ಗಂಟೆ ಹೊಡೆಯುವ ಪಾತ್ರ. ಒಂದೊಂದು ದೃಶ್ಯ ಮುಗಿದಾಗಲೂ ಮೂರು ಸಲ ಹೊಡೆಯಬೇಕು, ಹಾಗಾಗಿ ಮೊದಲಿಂದ ಕೊನೆಯವರೆಗೂ ವೇದಿಕೆಯ ಮೇಲೆಯೇ ಇರುತ್ತಾಳೆ. ಅದನ್ನು ನೆನಪಿಸಿದಾಗ ಅಪ್ಪ ಸ್ವಲ್ಪ ಸಡಿಲಾದರು. "ಪಾತ್ರ ಒಪ್ಕಂಡ್ ಮ್ಯಾಲೆ ಅರ್ಧಕ್ ಬುಡಕ್ಕಾಗಾಕಿಲ್ಲ. ನಾಟ್ಕ ಆಗ್ಲಿ. ಅದಾದ್ ಮ್ಯಾಲೆ ಬರಾಕಿಲ್ಲ." ನನಗೆ ಎರಡು ತಿಂಗಳು ಸಿಕ್ಕಿತು. ಎರಡು ತಿಂಗಳಲ್ಲೂ ಆ ಕೆಂಪು ಚೀಟಿ ಹೊಸದರಂತೆಯೇ ಇತ್ತು.

ಮದ್ದೂರಿನ ಸಭಾಂಗಣಗಳೆಲ್ಲ ಮದುವೆಗೆ ಹಿಡಿದಾಗಿತ್ತು. ಮಳವಳ್ಳಿಯಲ್ಲಿ ಒಂದು ಸಮುದಾಯ ಭವನ ಸಿಕ್ಕಿತು. ಅಂಥ ಮಕ್ಕಳಿಗೆ ಮುಂದೇನಾಗುತ್ತದೆ ಎಂದು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಜೀವ ಗಾಬರಿಯಾಗುತ್ತದೆ. ಅದಕ್ಕೇ ಒಂಬತ್ತು ಚಿತ್ರ ಬರೆದು ಪೋಣಿಸಿದೆ. ವ್ಯಾನು, ಭವನ, ಚಪ್ಪಲಿ ಬಿಡುವ ಜಾಗ, ಬಣ್ಣದ ಬಟ್ಟೆ, ದೀಪ, ಗಂಟೆ, ಜನ, ಚಪ್ಪಾಳೆ, ಉಪ್ಪಿಟ್ಟು. ದಿನಾ ತೋರಿಸಿದೆ. ರಂಗಭೂಮಿ ಪಾಠದ ಸರ್ ನೋಡಿ, ಏನೂ ಬಿಟ್ಟಿಲ್ಲ ಎಂದರು. ನಾನೂ ಹಾಗೇ ಬೀಗಿದೆ.

ಬಿಟ್ಟದ್ದು ಯಾವುದೆಂದು ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಭವನದ ಬಾಗಿಲಲ್ಲಿ ಕಾಣಿಸಿತು. ಅಪ್ಪನ ನಾಟಕದ ತಂಡಕ್ಕೆ ತಂಡವೇ ಬಿಳಿ ಅಂಗಿ ತೊಟ್ಟು ಬಂದಿತ್ತು. ಹುಡುಗಿಯ ಚಿಕ್ಕಪ್ಪನ ಎರಡು ಕೈಯಲ್ಲೂ ತೊಡೆಗಾತ್ರದ ಗುಲಾಬಿ ಹಾರ. ನಮ್ಮ ಕಡೆಯ ನಾಟಕಗಳಲ್ಲಿ ಇದು ಮಾಮೂಲು. ತಮ್ಮ ಪೈಕಿಯವನು ರಂಗಕ್ಕೆ ಬಂದು ಒಂದು ಪದ ಮುಗಿಸಿದರೆ ಸಾಕು, ನೆಂಟರು ನಾಟಕದ ನಡುವೆಯೇ ಮೇಲೆ ಹತ್ತಿ ಹಾರ ಹಾಕುತ್ತಾರೆ. ಸಾಯಲು ಬಿದ್ದ ಪಾತ್ರ ಕೂಡ ಎದ್ದು ಕೂತು ಕೊರಳೊಡ್ಡಿ, ಕೈಮುಗಿದು, ಮತ್ತೆ ಬಿದ್ದು ಸಾಯುತ್ತದೆ. ಹುಟ್ಟಿದಾಗಿನಿಂದ ಇದನ್ನು ನೋಡಿದ ನಾನು ಹಾರದ ಚಿತ್ರ ಬರೆಯುವುದನ್ನೇ ಮರೆತಿದ್ದೆ! ಒಂಬತ್ತು ಚಿತ್ರದಲ್ಲಿ ಉಪ್ಪಿಟ್ಟಿಗೆ ಜಾಗವಿತ್ತು, ಹಾರಕ್ಕಿರಲಿಲ್ಲ.

ಓಡಿಹೋಗಿ ತಡೆಯೋಣವೆಂದರೆ ಪರದೆ ಸರಿದಾಗಿತ್ತು. ಮೊದಲ ದೃಶ್ಯ ಮುಗಿಯಿತು. ಹುಡುಗಿ ಗಂಟೆ ಹೊಡೆದಳು, ಒಂದು, ಎರಡು, ಮೂರು. ಚಿಕ್ಕಪ್ಪ ಮೆಟ್ಟಿಲು ಹತ್ತಿದ. ನಾನು ಪಕ್ಕದ ಪರದೆಯ ಮರೆಯಲ್ಲಿದ್ದೆ. ಮೇಷ್ಟರು ವೇದಿಕೆಗೆ ಕಾಲಿಟ್ಟರೆ ಅಂಕ ಹೋಗುತ್ತದೆ ಎಂದು ಪರೀಕ್ಷಕರು ಮೊದಲೇ ಹೇಳಿದ್ದರು. ಅಂಕ ಹಾಳಾಗಿ ಹೋಗಲಿ, ಅವಳು ಅಷ್ಟು ಜನರ ಮುಂದೆ ಕಿರುಚಿಕೊಂಡು ಬಿದ್ದರೆ? ಇಲ್ಲ, ಕೊರಳೊಡ್ಡಿ ಅವನ ಕೈ ಹಿಡಿದು ಇಳಿದೇ ಹೋದರೆ? ಎರಡನೆಯದೇ ಆಗುತ್ತದೆಂದು ನನಗೆ ಗೊತ್ತಿತ್ತು, ಅದೇ ಹೆಚ್ಚು ಹೆದರಿಕೆ. ಒಂದು ಕಾಲು ಎತ್ತಿ ಮುಂದಿಟ್ಟೂಬಿಟ್ಟೆ.

ಅಷ್ಟರಲ್ಲಿ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಗಂಟೆಯನ್ನು ನಿಧಾನವಾಗಿ ನೆಲಕ್ಕಿಟ್ಟಳು. ಸೊಂಟದ ದಾರ ತಡಕಿ, ಕೆಂಪು ಚೀಟಿಯನ್ನು ಚಿಕ್ಕಪ್ಪನ ಮೂಗಿನ ನೇರಕ್ಕೆ ಹಿಡಿದಳು.

ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. ನಗುತ್ತಾ ಇನ್ನೊಂದು ಹೆಜ್ಜೆ ಮುಂದೆ ಬಂದ. ಅವಳ ಕೈ ಇಳಿಯಲಿಲ್ಲ. ಕೆಳಗೆ ಮೂರನೆಯ ಸಾಲಿನಿಂದ ಅಪ್ಪನ ಆ ಗಂಟಲು ಕೇಳಿಸಿತು.

"ಲೇ, ಇಳೀಲಾ ಕೆಳೀಕೆ! ಬ್ಯಾಡ ಅಂತಾವ್ಳೆ ಕಾಣಾಕಿಲ್ವೇನ್ಲಾ?"

ಚಿಕ್ಕಪ್ಪ ಹಾರ ಹಿಡಿದುಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಇಳಿದ. ಅದನ್ನು ಏನು ಮಾಡುವುದೆಂದು ತೋಚದೆ ಮೆಟ್ಟಿಲ ಪಕ್ಕದ ಮೈಕಿನ ಕೊರಳಿಗೆ ಹಾಕಿದ. ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸ ಬಲದಿಂದ "ಒನ್ಸ್ ಮೋರ್!" ಎಂದು ಕೂಗಿದರು. ಹುಡುಗಿ ಚೀಟಿ ಬಿಟ್ಟು, ಗಂಟೆ ಎತ್ತಿಕೊಂಡು, ಮುಂದಿನ ದೃಶ್ಯದ ಮಕ್ಕಳಿಗೆ ದಾರಿ ಬಿಟ್ಟು ನಿಂತಳು. ನನಗೆ ಹೋದ ಜೀವ ಬಂದಂತಾಯಿತು. ಪರದೆಯನ್ನೇ ಹಿಡಿದು ಮುಖಕ್ಕೆ ಒತ್ತಿಕೊಂಡು ಅತ್ತೆ. ಆ ಪರದೆಯಲ್ಲಿ ಎಷ್ಟು ಮದುವೆಗಳ ಧೂಳಿತ್ತೋ, ಸೀನು ಬೇರೆ ಬಂತು. ಸಂವಹನದ ಮೇಡಂ ಹೇಳಿದ್ದು ನನಗೆ ಗಟ್ಟಿಯಾಗಿ ಅರ್ಥವಾದದ್ದು ಅಲ್ಲಿ. ಬಾಯಿ ತೆರೆಯದೆ ಒಂದು ಮಗು ಆರಡಿಯ ಗಂಡಸನ್ನು ವೇದಿಕೆಯಿಂದ ಇಳಿಸಿತ್ತು. ಪರೀಕ್ಷಕರು ನನ್ನ ಆ ಒಂದು ಕಾಲಿಗೆ ಎರಡು ಅಂಕ ಕಳೆದರಂತೆ. ಕಳೆಯಲಿ ಬಿಡಿ.

ನಾಟಕ ಮುಗಿದ ಮೇಲೆ ಹಿಂದಿನ ಅಂಗಳದಲ್ಲಿ ಉಪ್ಪಿಟ್ಟು ಹಂಚಿದರು. ಹುಡುಗಿ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದಳು. ಅಪ್ಪ ಹತ್ತಿರ ಬಂದವರು ಮಗಳನ್ನು ನೋಡುತ್ತಾ ನಿಂತರು, ಆಮೇಲೆ ನನ್ನ ಕಡೆ ತಿರುಗಿದರು.

"ಆ ಕೆಂಪು ಚೀಟಿ ಇನ್ನೆರಡು ಮಾಡ್ಕೊಡಮ್ಮ. ಒಂದ್ ಕಳ್ದೋದ್ರೆ ಇನ್ನೊಂದಿರ್ಲಿ" ಎಂದರು. ಸ್ವಲ್ಪ ತಡೆದು, "ಜೂನ್ನಾಗೆ ಸಾಲೆ ಬಾಗ್ಲು ಯಾವಾಗ ತಗೀತೀರಿ?" ಎಂದರು.

ಹೇಳಲು ಬಾಯಿ ತೆರೆದೆ. ನಾಲೆ ದಾಟಿಸಿ ಕೂಗುತ್ತಿದ್ದ ನನ್ನ ದನಿ ಆಗ ಅರ್ಧವೂ ಹೊರಡಲಿಲ್ಲ. ಒಂದನೇ ತಾರೀಕು ಎಂದು ಒಂದು ಬೆರಳೆತ್ತಿ ತೋರಿಸಿದೆ. ಅವರಿಗೂ ಅಷ್ಟು ಸಾಕಾಗಿತ್ತು. ಮಗಳ ಮುಂದೆ ಕೈ ಚಾಚಿ, "ಬಾ ಮಗ, ಓಗಣ. ಬಸ್ಸು ಬತ್ತದೆ" ಎಂದರು.

ಅವಳು ತಲೆ ಎತ್ತಲಿಲ್ಲ. ಎಡಗೈಯಲ್ಲಿ ಸೊಂಟ ತಡಕಿ ಕೆಂಪು ಚೀಟಿ ಎತ್ತಿ ಹಿಡಿದಳು. ಬಲಗೈ ಉಪ್ಪಿಟ್ಟಿನಲ್ಲೇ ಇತ್ತು.

ಮಂಡ್ಯ ಜಿಲ್ಲೆಯ ಅರ್ಧ ಹಳ್ಳಿಗಳನ್ನು ಕೂಗಿ ಎಬ್ಬಿಸಬಲ್ಲ ಆ ಮನುಷ್ಯ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಮಗಳ ಪಕ್ಕದ ಮೆಟ್ಟಿಲಲ್ಲಿ ಕೂತು, ಅವಳ ತಟ್ಟೆ ಖಾಲಿಯಾಗುವುದನ್ನೇ ಕಾದರು. ಸೋಮನಹಳ್ಳಿಯ ಬಸ್ಸು ಬಂತು, ಹೋಯಿತು.