ಎತ್ತಿ ಎಳೆದರೆ ಬರುವ ಖಾನೆ

ನಮ್ಮ ಅತ್ತೆಯ ಬಲಗೈ ನಡುಬೆರಳಿನ ಗೆಣ್ಣು ಹುಣಿಸೆಬೀಜದ ಹಾಗೆ ಕಪ್ಪಾಗಿ, ಗಟ್ಟಿಯಾಗಿ ಎದ್ದು ನಿಂತಿತ್ತು. ಮರದ ಸಾಮಾನು ಎಲ್ಲಿ ಕಂಡರೂ ಅದರಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಮೂಸಿ ನೋಡುತ್ತಿದ್ದಳು. ನೆಂಟರ ಮನೆಗೆ ಹೋದಾಗಲೂ ಕೂರುವ ಮೊದಲು ಅವರ ಬೆಂಚನ್ನು ತಟ್ಟಿಬಿಡುವಳು. ನಾನೂ ತಂಗಿಯೂ ಬೇರೆ ಕಡೆ ನೋಡುತ್ತಿದ್ದೆವು.

ಅವಳು ಅಪ್ಪನ ಅಕ್ಕ. ಗೌಡಗೆರೆಯಲ್ಲಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ನಮ್ಮ ತಾಯಿ ತೀರಿಕೊಂಡ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು ಅವಳೇ. ಅಪ್ಪ ಮಧುಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತ. ಬೆಟ್ಟದ ಕಡೆಗೆ ಬೆನ್ನು ಮಾಡಿದ ಬಾಡಿಗೆ ಮನೆ. ಐವತ್ತೇಳನೇ ಇಸವಿಯಲ್ಲಿ ತಂಗಿಗೆ ಗಂಡು ಹುಡುಕಲು ಶುರು ಮಾಡಿದಾಗ ನಮ್ಮ ನಡುಮನೆಯಲ್ಲಿ ಒಂದು ಟ್ರಂಕು, ಚಾಪೆಗಳು, ಅಪ್ಪನ ಕೊಡೆ ಬಿಟ್ಟರೆ ಬೇರೇನೂ ಇರಲಿಲ್ಲ.

“ಹೆಣ್ಣು ನೋಡಕ್ಕೆ ಬರೋರು ಮೊದ್ಲು ಗೋಡೆ ನೋಡ್ತಾರೆ ಕಣ್ಲಾ, ಹೆಣ್ಣು ಆಮೇಲೆ” ಎಂದು ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಲಕ್ಷ್ಮಿಗೆ ಚೌಕಟ್ಟು ಹಾಕಿಸಿದಳು. ಅದಕ್ಕೂ ಮೊದಲು ಕೆಳಗಿದ್ದ ಅಂಗಡಿಯ ಹೆಸರನ್ನು ಕತ್ತರಿಸಿ ತೆಗೆದಳು. “ದೇವ್ರ ಕಾಲಡೀಲಿ ಜವಳಿ ಯಾಪಾರ ಯಾಕೆ?” ಚಹಾ ಪೆಟ್ಟಿಗೆಯ ಮೇಲೆ ಹಳೆ ರವಿಕೆ ಕಣದ ಹೊದಿಕೆ ಹಾಕಿದ ಮೇಲೆ ಅದು ಮೇಜಾಯಿತು. ತನ್ನ ಹಳೆ ಸೀರೆಯ ಅಂಚನ್ನು ಬಿಚ್ಚಿ ಕಿಟಕಿಗೆ ಪರದೆ ಹೊಲಿದಳು. ನನಗೆ ಆಗಲೇ ದಿನಚರಿ ಬರೆಯುವ ಚಟ. ಯಾವ ಸಾಮಾನು ಯಾವತ್ತು ಬಂತು, ಎಲ್ಲಿಂದ ಬಂತು ಎಂದು ತಾರೀಖು ಹಾಕಿ ಬರೆಯುತ್ತಿದ್ದೆ. ಅತ್ತೆ ಅದನ್ನೂ ನಂಬುತ್ತಿರಲಿಲ್ಲ. “ಏನ್ ಬರ್ದೆ, ಓದು” ಎಂದು ಓದಿಸಿ ಕೇಳುತ್ತಿದ್ದಳು.

ಉಳಿದ ಸಾಮಾನೆಲ್ಲ ಸಿರಾದಿಂದ ಬಂತು. ಅಲ್ಲಿ ಹಳೇ ಸಾಮಾನಿನ ಸಾಬರೊಬ್ಬರ ಅಂಗಡಿಯಿತ್ತು. ಅತ್ತೆ ಅಲ್ಲಿ ಬೆಲೆ ಕೇಳಿದ್ದನ್ನು ನಾನು ನೋಡಿಲ್ಲ. ಅವಳ ಪ್ರಶ್ನೆ ಒಂದೇ.

“ಬೆಲೆ ಆಮೇಲೆ. ಯಾಕ್ ಮಾರುದ್ರು, ಅದನ್ನ ಮೊದ್ಲು ಹೇಳಿ ಸಾಬ್ರೇ.”

ಕೊಟ್ಟವರಿಗೆ ವರ್ಗವಾಗಿದ್ದರೆ ಸರಿ, ಹೊಸದು ಕೊಂಡಿದ್ದರೆ ಸರಿ. ಸಾವಾಗಿದ್ದರೆ, ಜಪ್ತಿಯಾಗಿದ್ದರೆ, ಅಣ್ಣತಮ್ಮಂದಿರು ಜಗಳವಾಡಿ ಪಾಲಾಗಿದ್ದರೆ ಮುಟ್ಟುತ್ತಿರಲಿಲ್ಲ. ಸಾಬರು ಗಡ್ಡ ಸವರಿಕೊಂಡು, “ಅಮ್ಮಾ, ಪೊಲೀಸ್ನೋರೂ ಇಷ್ಟು ಕೇಳಲ್ಲ” ಎನ್ನುತ್ತಿದ್ದರು.

“ಅವ್ರು ಕದ್ದ ಮಾಲು ಹುಡುಕ್ತಾರೆ. ನಾನು ಅತ್ತ ಮಾಲು ಹುಡುಕ್ತೀನಿ.”

ಹೀಗೆ ಬಂದದ್ದು ಆ ನಿಲುವುಗನ್ನಡಿ. ತೇಗದ ಚೌಕಟ್ಟು, ಕೆಳಗೆ ಒಂದು ಖಾನೆ. ಕೊಟ್ಟವರಿಗೆ ಬೆಂಗಳೂರಿಗೆ ವರ್ಗವಾಯಿತಂತೆ ಎಂದರು ಸಾಬರು. ಮನೆಗೆ ತಂದ ಮೇಲೆ ಖಾನೆ ತೆರೆಯಲಿಲ್ಲ. ಅಪ್ಪ ಎಳೆದೆಳೆದು ಹಿಡಿಯೇ ಕಿತ್ತುಬಂತು. ಹಿಡಿಯನ್ನು ಮತ್ತೆ ಕೂರಿಸಿ ಅತ್ತೆ ದಿನಗಟ್ಟಲೆ ತಟ್ಟಿ, ಅಲ್ಲಾಡಿಸಿ, ಕೊನೆಗೆ ಉಪಾಯ ಕಂಡುಹಿಡಿದಳು. ಸ್ವಲ್ಪ ಮೇಲಕ್ಕೆತ್ತಿ, ಆಮೇಲೆ ಎಳೆಯಬೇಕು. ಒಳಗೊಂದು ಕೊಂಬಿನ ಬಾಚಣಿಗೆಯಿತ್ತು. ಬಿಸಾಡು ಎಂದರೆ, “ಯಾರಾನಾ ಕೇಳ್ಕಂಡು ಬಂದ್ರೆ?” ಎಂದು ಅಲ್ಲೇ ಇಟ್ಟಳು.

ಆ ಬೇಸಿಗೆಯಲ್ಲಿ ಸಿರಾದಿಂದಲೇ ಗಂಡಿನ ಕಡೆಯವರು ಬಂದರು. ಹುಡುಗ ಶಾಲೆಯ ಮೇಷ್ಟರು. ಮಿತಭಾಷಿ. ಉಪ್ಪಿಟ್ಟಾಯಿತು, ಮಾತಾಯಿತು. ತಂಗಿಗೆ ಹುಡುಗ ಹಿಡಿಸಿದ್ದು ಅವಳು ಲೋಟ ಇಟ್ಟ ರೀತಿಯಲ್ಲೇ ಗೊತ್ತಾಯಿತು. ಹೊರಡುವ ಹೊತ್ತಿಗೆ ಹುಡುಗನ ತಾಯಿಯ ಹಣೆಯ ಕುಂಕುಮ ಬೆವರಿಗೆ ಹರಡಿತ್ತು. ಅವರು ಮಾತಾಡುತ್ತಲೇ ಕನ್ನಡಿಯ ಮುಂದೆ ನಿಂತು, ಕೆಳಗಿನ ಖಾನೆಗೆ ಕೈಹಾಕಿದರು. ಸ್ವಲ್ಪ ಎತ್ತಿ, ಎಳೆದರು. ಖಾನೆ ಸದ್ದಿಲ್ಲದೆ ಬಂತು. ಮರುಕ್ಷಣ ಅದನ್ನು ಒಳಕ್ಕೆ ತಳ್ಳಿ, ಸೆರಗಿನಲ್ಲೇ ಹಣೆ ಒರೆಸಿಕೊಂಡು ಹೊರಗೆ ನಡೆದುಬಿಟ್ಟರು.

ಗಾಡಿ ತಿರುವು ದಾಟಿದ ಮೇಲೆ ಅತ್ತೆ ತಾನೂ ಒಮ್ಮೆ ಆ ಖಾನೆಯನ್ನು ಎತ್ತಿ ಎಳೆದಳು.

“ಆ ಕನ್ನಡಿ ಅವ್ರ ಮನೇದು.”

ಅಪ್ಪ ನಕ್ಕರು. “ಇದ್ರೆ ಇರ್ಲಿ ಬುಡಕ್ಕ.”

“ಸಿರಾ ಬುಟ್ಟು ಅಲ್ಲಾಡ್ದೆ ಇರೋರ್ಗೆ ಎಲ್ಲಿಗ್ಲಾ ವರ್ಗ? ಸುಳ್ಳು ಹೇಳಿ ಮಾರವ್ರೆ. ಸುಳ್ಳು ಯಾಕೆ ಬೇಕಾಯ್ತು? ಅದು ಗೊತ್ತಾಗ್ದೆ ಹೆಣ್ ಕೊಡಲ್ಲ.”

ಆ ರಾತ್ರಿ ತಂಗಿ ಊಟಕ್ಕೆ ಏಳಲಿಲ್ಲ. “ಅಣ್ಣಾ, ಅತ್ತೆಗೆ ಹೇಳು. ಮನುಷ್ಯರನ್ನ ತಟ್ಟಿ ನೋಡೋದು ಬ್ಯಾಡ ಅಂತ” ಎಂದಳು. ನಾನು ಹೇಳಲಿಲ್ಲ. ಹೇಳಿದ್ದರೂ ಅತ್ತೆ ಕೇಳುತ್ತಿರಲಿಲ್ಲ.

ಭಾನುವಾರ ಸಿರಾದ ಬಸ್ಸು ಹತ್ತಿದಳು. ಜೊತೆಗೆ ನಾನು. ಸಾಬರು ಕೈಮುಗಿದರು. “ಮಾರೋರು ಹೇಳಿದ್ದನ್ನ ನಾನು ಹೇಳ್ದೆ ಅಮ್ಮ. ಯಾರು ಅಂತ ಮಾತ್ರ ಕೇಳ್ಬೇಡಿ. ಆ ಹೆಸರು ಹೇಳಿದ್ರೆ ನಾಳೆ ನನ್ನ ಅಂಗಡಿಗೆ ಯಾರೂ ಬರಲ್ಲ.” ಮಾರಿದವರು ಊರಲ್ಲೇ ಇದ್ದಾರೆಂದು ತಿಳಿಯಲು ಅತ್ತೆಗೆ ಅಷ್ಟೇ ಸಾಕಾಯಿತು. ನೇರವಾಗಿ ಹುಡುಗನ ಮನೆಗೆ ನಡೆದಳು. ಒಪ್ಪಿಗೆಯಾಗುವ ಮೊದಲು ಹೆಣ್ಣಿನ ಕಡೆಯವರು ಹೀಗೆ ಹೇಳದೆ ಕೇಳದೆ ಹೋಗುವುದುಂಟೆ? ನಾನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತೆ.

ನಡುಮನೆಯ ಸುಣ್ಣದ ಗೋಡೆಯಲ್ಲಿ ಆಳೆತ್ತರದ ಒಂದು ಜಾಗ ಮಾತ್ರ ಬೆಳ್ಳಗಿತ್ತು. ಆ ಮನೆಯಲ್ಲಿ ಬೇರೆ ಒಂದೂ ಕನ್ನಡಿಯಿರಲಿಲ್ಲ. ಅತ್ತೆ ಆ ಬಿಳಿ ಜಾಗವನ್ನು ನೋಡುತ್ತಲೇ ಕೇಳಿದಳು. “ಯಾಕ್ ಮಾರುದ್ರಿ?”

ಹುಡುಗನ ತಾಯಿಯ ಮುಖ ಕೆಂಪಾಯಿತು. “ಹೆಣ್ ಕೊಡೋಕ್ ಬಂದಿದೀರೋ, ತನಿಖೆಗೋ?”

“ಎರಡೂವೆ. ನಮ್ಮನೇಲೈತೆ ನಿಮ್ಮ ಕನ್ನಡಿ. ಬೆಂಗ್ಳೂರ್ಗೆ ಹೋದೋರು ಯಾರು?”

ಒಳಕೋಣೆಯ ಬಾಗಿಲು ಸರಿಯಿತು. ಹದಿನಾರು ಹದಿನೇಳರ ಹುಡುಗಿ. ಮುಖದ ತುಂಬ ಸಿಡುಬಿನ ಕಲೆ. ಹೀಗೊಬ್ಬ ಮಗಳಿದ್ದಾಳೆಂದು ಅವರು ಯಾರೂ ನಮಗೆ ಹೇಳಿರಲಿಲ್ಲ.

“ಕನ್ನಡಿ ಒಡೆದೋಯ್ತು ಅಂದ್ಯಲ್ಲವ್ವ?” ಎಂದಳು ತಾಯಿಗೆ.

ತಾಯಿ ಕಂಬ ಹಿಡಿದು ಕೂತರು. ಸಿಡುಬು ಇಳಿದ ಮೇಲೆ ಮಗಳು ಕನ್ನಡಿಯ ಮುಂದಿನಿಂದ ಏಳುತ್ತಿರಲಿಲ್ಲವಂತೆ. ಉಣ್ಣುತ್ತಿರಲಿಲ್ಲ, ನೋಡುತ್ತ ಕೂರುತ್ತಿದ್ದಳಂತೆ. ಅವಳು ಮಲಗಿದ್ದಾಗ ಸಾಗಿಸಿಬಿಟ್ಟರು. ಸಿಡುಬಾದ ಮನೆಯದೆಂದರೆ ಯಾರು ಕೊಳ್ಳುತ್ತಾರೆ? ವರ್ಗ ಎಂದರು. ಸಿಡುಬಾದ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಮಗಳನ್ನೇ ಬಚ್ಚಿಟ್ಟರು.

ಹುಡುಗಿ ಅಳಲಿಲ್ಲ. “ಖಾನೇಲಿ ನನ್ನ ಬಾಚಣಿಗೆ ಇತ್ತು” ಎಂದಳು.

“ಐತೆ ಕಣಮ್ಮ. ಅಂಗೇ ಮಡಗಿವ್ನಿ” ಎಂದಳು ಅತ್ತೆ. “ಬಂದು ತಗಂಡೋಗು.”

ಬಸ್ಸಿನಲ್ಲಿ ಅತ್ತೆ ಸೀಟಿನ ಹಲಗೆಯನ್ನು ಗೆಣ್ಣಿನಿಂದ ತಟ್ಟುತ್ತ ಕೂತಳು. ಇನ್ನು ಕನ್ನಡಿ ತಿಪ್ಪೆಗೆ, ಸಂಬಂಧ ನೀರಿಗೆ ಎಂದುಕೊಂಡೆ. ಸಿಡುಬಿನ ಹೆಸರೆತ್ತಿದರೆ ಬೀದಿ ಬದಲಿಸುವವಳು ಅವಳು. ಮನೆಗೆ ಬಂದವಳೇ ಒದ್ದೆಬಟ್ಟೆಯಲ್ಲಿ ಕನ್ನಡಿಯನ್ನು ಮೇಲಿಂದ ಕೆಳಗಿನವರೆಗೂ ಒರೆಸಿದಳು. ಆಮೇಲೆ ಅಪ್ಪನಿಗೆ ಹೇಳಿದಳು. “ಹೆಣ್ ಕೊಟ್ಬುಡು. ಮಗಳಿಗೋಸ್ಕರ ಸುಳ್ಳು ಹೇಳೋಳು ಸೊಸೆಗೋಸ್ಕರಾನೂ ಹೇಳ್ತಾಳೆ. ಆದ್ರೂ ಒಂದು ಕಣ್ಣಿಟ್ಟಿರ್ಬೇಕು.”

ಮದುವೆಗೆ ಆ ಹುಡುಗಿ ಬಂದಳು. ಅವಳು ಬರುವ ಮೊದಲೇ ಅತ್ತೆ ಕನ್ನಡಿಯ ಮುಖವನ್ನು ಗೋಡೆಗೆ ತಿರುಗಿಸಿಟ್ಟಿದ್ದಳು. ಹುಡುಗಿ ನೋಡಿದಳು. ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು ತಿರುಗಿಸಿ, ಖಾನೆಯಿಂದ ಬಾಚಣಿಗೆ ತೆಗೆದು, ಅಲ್ಲೇ ನಿಂತು ತಲೆ ಬಾಚಿಕೊಂಡಳು. ಅತ್ತೆ ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಪಾತ್ರೆಯನ್ನು ಬೆಳಗಿದಳು.

ಅತ್ತೆ ತೀರಿಕೊಂಡದ್ದು ಹೋದ ಮಾಗಿಯಲ್ಲಿ. ಚಳಿಗೆಂದು ನಾನು ಕಂಬಳಿ ತಂದಾಗ ಮೂಸಿ ನೋಡಿ, “ಯಾಕ್ ಮಾರುದ್ರಂತೆ?” ಎಂದಳು.

“ಹೊಸದು ಅತ್ತೆ. ಅಂಗಡೀದು.”

“ಅಂಗಡಿಯೋನು ಯಾಕ್ ಮಾರ್ದ, ಕೇಳ್ದಾ?”

ಗೌಡಗೆರೆಯ ಅವಳ ಮನೆಯ ಸಾಮಾನೆಲ್ಲ ಗಂಡ ಸತ್ತ ತಿಂಗಳಲ್ಲೇ ಗಾಡಿಯಲ್ಲಿ ಹೋಗಿತ್ತೆಂದು ಅಪ್ಪ ನನಗೆ ಹೇಳಿದ್ದು ಅವಳ ತಿಥಿಯ ದಿನ. ಕೊಳ್ಳಲು ಬಂದವರೆಲ್ಲ ಬೆಲೆ ಮಾತ್ರ ಕೇಳಿದ್ದರಂತೆ.

ಆ ದಿನ ಸಿರಾದ ಹುಡುಗಿಯೂ ಬಂದಿದ್ದಳು. ಈಗ ಅವಳು ಅಲ್ಲಿ ಹೊಲಿಗೆ ಹೇಳಿಕೊಡುತ್ತಾಳೆ. ಹೊರಡುವಾಗ, ಕನ್ನಡಿಯನ್ನು ನೀನೇ ಇಟ್ಟುಕೋ ಎಂದೆ. ಅವಳು ಬೆರಳ ಗೆಣ್ಣಿನಿಂದ ಚೌಕಟ್ಟನ್ನು ತಟ್ಟಿದಳು.

“ಯಾಕ್ ಕೊಡ್ತಿದೀರಾ? ಅದನ್ನ ಮೊದ್ಲು ಹೇಳಿ.”

“ಹಾಗೆ ಕೇಳೋರು ಈ ಮನೇಲಿ ಇನ್ನು ಯಾರೂ ಇಲ್ಲ, ಅದಕ್ಕೆ” ಎಂದೆ. ಅವಳು ಖಾನೆಯನ್ನು ಸ್ವಲ್ಪ ಎತ್ತಿ, ಎಳೆದು ನೋಡಿದಳು.