ಮೇಸ್ತ್ರಿ ಅಂಗಡಿಯ ಬಲ್ಬು

ಮೊನ್ನೆ ನಮ್ಮ ಪಕ್ಕದ ಖಾಲಿ ಸೈಟಿಗೆ ಹುಲ್ಲು ಕತ್ತರಿಸುವ ಯಂತ್ರ ಬಂದಿತ್ತು. ಪೆಟ್ರೋಲಿನ ಜೊತೆ ಆಯಿಲ್ ಸುಟ್ಟ ಆ ನೀಲಿ ಹೊಗೆ ಕಿಟಕಿಯಿಂದ ಒಳಗೆ ನುಗ್ಗಿ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟದ ಸಮೇತ ನಾನು ಚಿತ್ರದುರ್ಗ ಬಿಟ್ಟು ಹೊಸದುರ್ಗದಲ್ಲಿದ್ದೆ. ಎಷ್ಟು ವರ್ಷವಾಗಿತ್ತೋ ಈ ವಾಸನೆ ಸಿಕ್ಕು... ಆ ಯಂತ್ರವೋ, ಎಕ್ಸಲೇಟರ್ ಬಿಟ್ಟ ಮೇಲೂ ಅರಚುತ್ತಲೇ ಇತ್ತು.

ಆಗ ನಾನು ಬಾಗೂರು ಕಡೆಯ ಹಳ್ಳಿಗಳಿಗೆ ಲಸಿಕೆ ಡಬ್ಬಿ ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಓಡಾಡುತ್ತಿದ್ದ ನರ್ಸು. ಆ ಮೊಪೆಡ್ಡಿಗೊಂದು ವಾಸಿಯಾಗದ ರೋಗವಿತ್ತು. ಎಂಜಿನ್ನು ಕಾರ್ಬೊರೇಟರಿನ ದಾರಿ ಬಿಟ್ಟು, ಪೈಪು ಕೂಡುವ ಸಂದಿಯಿಂದ ಕಳ್ಳಗಾಳಿ ಎಳೆದುಕೊಳ್ಳುತ್ತಿತ್ತು. ಗಾಳಿ ಹೆಚ್ಚಾಗಿ ಪೆಟ್ರೋಲು-ಆಯಿಲು ಸಾಲದೆ ತನ್ನಷ್ಟಕ್ಕೆ ಕಿರುಚುತ್ತಿತ್ತು. ಹಾಗೇ ಓಡಿಸಿದರೆ ಕಾದು, ಪಿಸ್ಟನ್ ಹಿಡಿದುಕೊಂಡು, ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಅದನ್ನು ಸರಿಮಾಡಿ ಕೊಡುತ್ತಿದ್ದವರು ನಮ್ಮ ಬೀದಿಯ ಕೊನೆಯಲ್ಲಿದ್ದ ಮೇಸ್ತ್ರಿ.

ಮನೆಯ ಮುಂದಿನ ಜಗಲಿಯೇ ಅವರ ಅಂಗಡಿ. ಒಂದು ಬೆಂಚು, ಬೆಂಚಿನ ಮೇಲೆ ನೇತಾಡುವ ಒಂದು ಬಲ್ಬು. ಎಂಜಿನ್ ಚಾಲೂ ಮಾಡಿ, ಸೋಪಿನ ನೀರನ್ನು ಒಂದೊಂದೇ ಸಂದಿಗೆ ಹನಿಸುತ್ತಾ ಹೋಗುತ್ತಿದ್ದರು. ಎಲ್ಲಿ ಗಾಳಿ ಒಳಹೋಗುತ್ತಿದೆಯೋ ಅಲ್ಲಿ ನೀರು ಬಿದ್ದ ಕೂಡಲೇ ಎಂಜಿನ್ನಿನ ಸದ್ದು ಒಂದು ಗಳಿಗೆ ತಗ್ಗುತ್ತದೆ. ಅದನ್ನು ಹಿಡಿಯಬೇಕು, ಅಷ್ಟೇ. ಅಲ್ಲಿಗೆ ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಿದರೆ ಗಾಡಿ ಹಸುವಿನಂತಾಗುತ್ತಿತ್ತು. ಊರಿನವರೆಲ್ಲ ಮೇಸ್ತ್ರಿಯ ಕಿವಿಯನ್ನು ಹೊಗಳುತ್ತಿದ್ದರು.

ಬಾಗಿಲ ಒಳಗೆ ಅವರ ಹೆಂಡತಿ ಬಟ್ಟೆ ಹೊಲಿಯುತ್ತಿದ್ದರು. ಬೀದಿಗೆಲ್ಲ ಅವರು ಚಾಚಿ. ಹೊರಗೆ ಎಂಜಿನ್ ಶುರುವಾದರೆ ಒಳಗೆ ಹೊಲಿಗೆ ಮಿಷಿನ್ ನಿಲ್ಲುತ್ತಿತ್ತು. ಪಾಪ, ಸದ್ದಿಗೆ ತಲೆನೋವು ಬರುತ್ತದೇನೋ ಅಂದುಕೊಂಡಿದ್ದೆ. ಇನ್ನು ಆ ಬಲ್ಬು! ಕೆಲಸದ ನಡುವೆ ಪಕ್ಕೆಂದು ಹತ್ತಿ ಆರುತ್ತಿತ್ತು. “ಊರ ಗಾಡಿ ರಿಪೇರಿ ಮಾಡ್ತೀಯ, ಮೊದ್ಲು ನಿನ್ನ ಬಲ್ಬ್ ರಿಪೇರಿ ಮಾಡ್ಕಳಪ್ಪ” ಎಂದು ಗಿರಾಕಿಗಳು ಕಾಲೆಳೆದರೆ ಮೇಸ್ತ್ರಿ ಅವರ ಬಾಯನ್ನೇ ನೋಡುತ್ತಾ ನಗುತ್ತಿದ್ದರು.

ನನಗೆ ಮೈ ಉರಿಯುತ್ತಿದ್ದದ್ದು ಬೇರೆ ವಿಷಯಕ್ಕೆ. ಕರೆಂಟು ಹೋದಾಗ ಅವರು ಈ ಕೆಲಸ ಮುಟ್ಟುತ್ತಲೇ ಇರಲಿಲ್ಲ.

“ಸ್ಪ್ಯಾನರ್ ತಿರುಗಿಸೋಕೆ ಕರೆಂಟ್ ಯಾಕ್ರೀ ಮೇಸ್ತ್ರಿ? ನನಗೆ ಡ್ಯೂಟಿ ಐತೆ” ಎಂದು ಒಮ್ಮೆ ಜೋರು ಮಾಡಿದೆ.

“ಸಂಜಿಗೆ ಬರ್ರಿ ನರ್ಸಮ್ಮ” ಎಂದರು. ಅಷ್ಟೇ ಮಾತು. ಬೈದುಕೊಂಡು ಬಸ್ಸು ಹತ್ತಿದೆ.

ಒಂದು ದಿನ ಗುಟ್ಟು ತಾನಾಗಿಯೇ ಬಯಲಾಯಿತು. ಹೊಲಿಯಲು ಕೊಟ್ಟ ರವಿಕೆ ಕೇಳಲು ಒಳಗೆ ಹೋದೆ. ಹೊರಗೆ ಎಂಜಿನ್ ಓಡುತ್ತಿತ್ತು. ಚಾಚಿ ಕಣ್ಣು ಮುಚ್ಚಿ, ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದರು. ಸದ್ದು ತಗ್ಗಿತು, ಟಕ್ಕೆಂದು ಒತ್ತಿದರು. ಹೊರಗೆ ಬಲ್ಬು ಹತ್ತಿ ಆರಿತು. “ಇಲ್ಲೇ ಐತೆ ನೋಡ್ರಿ” ಎಂದು ಮೇಸ್ತ್ರಿ ಗಿರಾಕಿಗೆ ಹೇಳುವುದು ಕೇಳಿಸಿತು.

ಎಂಜಿನ್ನುಗಳ ಪಕ್ಕದಲ್ಲೇ ಆಯಸ್ಸು ಕಳೆದ ಮನುಷ್ಯನಿಗೆ ಕಿವಿ ಪೂರ್ತಿ ಹೋಗಿತ್ತು. ನಮ್ಮ ಮಾತನ್ನೆಲ್ಲ ಬಾಯಿ ನೋಡಿಯೇ ಹಿಡಿಯುತ್ತಿದ್ದರು. ನರ್ಸಾಗಿ ನನಗೇ ತಿಳಿದಿರಲಿಲ್ಲ.

“ದುರ್ಗದ ಆಸ್ಪತ್ರೆಗೆ ಕರ್ಕಂಡು ಹೋಗಾಣ ಚಾಚಿ. ಕಿವಿಗೆ ಮಿಷಿನ್ ಕೊಡ್ತಾರೆ” ಎಂದೆ.

“ಮಿಷಿನ್ ಹಾಕ್ಕಂಡ ಮೇಸ್ತ್ರಿ ಹತ್ರ ಯಾರು ಗಾಡಿ ತರ್ತಾರೆ ಹೇಳ್ರಿ? ನಿಮಗೆ ಗೊತ್ತಾಗೈತೆ ಅಂತ ಅವರಿಗೆ ಮಾತ್ರ ತಿಳೀಬಾರ್ದು. ಸಹಿಸಾಕಿಲ್ಲ” ಎಂದು ನನ್ನ ಕೈ ಹಿಡಿದುಕೊಂಡರು. ಹೂಂ ಎಂದೆ.

ಆಮೇಲೆ ಚಾಚಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಚಿತ್ರದುರ್ಗದ ಆಸ್ಪತ್ರೆಯಿಂದ ಬಂದ ಮೇಲೆ ಒಳಗೆ ಮಂಚದ ಮೇಲೆ ಮಲಗಿಸಿದ್ದರು. ಸ್ವಿಚ್ಚು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. ಕಿವಿ ಮಾತ್ರ ಮೊದಲಿನಷ್ಟೇ ಚುರುಕು. ನಾನು ಬೆಳಿಗ್ಗೆ ಹೋಗಿ ಬಿ.ಪಿ. ನೋಡುತ್ತಿದ್ದೆ. ಅದರಾಚೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹೊರಗೆ ಮೇಸ್ತ್ರಿ ಪಂಕ್ಚರ್ ಹಾಕುತ್ತಾ, ಪ್ಲಗ್ಗು ಒರೆಸುತ್ತಾ ಕೂತಿರುತ್ತಿದ್ದರು. ಗಾಳಿ ಎಳೆಯುವ ಗಾಡಿ ಬಂದರೆ “ಕರೆಂಟಿಲ್ಲ” ಎಂದು ವಾಪಸ್ ಕಳಿಸುತ್ತಿದ್ದರು.

ಒಂದು ಬೆಳಿಗ್ಗೆ ಹೊಳಲ್ಕೆರೆ ಕಡೆಯ ಒಬ್ಬ ಬಿಡಲೇ ಇಲ್ಲ. “ಎಲ್ಲೈತೆ ಮೇಸ್ತ್ರಿ ಕರೆಂಟ್ ಹೋಗಿರಾದು? ಅಗಾ ನೋಡು, ಬೀದಿ ಲೈಟು ಹಗಲಲ್ಲೂ ಉರೀತೈತೆ!” ಎಂದು ಬೈಕನ್ನು ಬೆಂಚಿಗೆ ಒರಗಿಸಿಯೇ ಬಿಟ್ಟ. ಮೇಸ್ತ್ರಿಗೆ ಬೇರೆ ದಾರಿ ಉಳಿಯಲಿಲ್ಲ.

ಎಂಜಿನ್ ಶುರುವಾಯಿತು. ನಾನು ಒಳಗೆ ಚಾಚಿಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡರು. ಸದ್ದು ತಗ್ಗಿತು. ಅವರ ಕಣ್ಣು ತೆರೆದು ಸ್ವಿಚ್ಚಿನ ಕಡೆ ಹೋಯಿತು, ಅಲ್ಲಿಂದ ನನ್ನ ಕಡೆ ಬಂತು, ಮತ್ತೆ ಸ್ವಿಚ್ಚಿಗೆ ಹೋಯಿತು. ಹೊರಗೆ ಮೇಸ್ತ್ರಿ ಅದೇ ಸಂದಿ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಒತ್ತಿದೆ.

ಎಂಜಿನ್ ನಿಂತಿತು. “ಇಲ್ಲೇ ಐತೆ” ಎಂಬ ಮಾತಿಗೆ ಕಾದೆ. ಬರಲಿಲ್ಲ. ಬದಲಿಗೆ ಮೇಸ್ತ್ರಿಯೇ ಸೋಪಿನ ನೀರಿನ ಬಾಟಲಿ ಹಿಡಿದು ಒಳಗೆ ಓಡಿ ಬಂದರು. ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಎಂದೂ ಕಂಡಿರಲಿಲ್ಲ.

“ಉಠೀ ಕ್ಯಾ?” ಎಂದರು. ಎದ್ದೆಯಾ ಎಂದು.

ಚಾಚಿ ಮಲಗಿದ್ದ ಹಾಗೇ ಮಲಗಿದ್ದರು. ಮೇಸ್ತ್ರಿ ಆಗ ನನ್ನನ್ನು ನೋಡಿದರು. ನನ್ನ ಬೆರಳು ಇನ್ನೂ ಸ್ವಿಚ್ಚಿನ ಮೇಲಿತ್ತು.

ಎಷ್ಟೋ ಮನೆಗಳಲ್ಲಿ ಹೇಳಬಾರದ ಸುದ್ದಿ ಹೇಳಿ ಬಂದವಳು ನಾನು. ಅವತ್ತು ಕಳ್ಳಿಯ ಹಾಗೆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಮೇಸ್ತ್ರಿಯೇ ಕೈಯನ್ನು ಅಂಗಿಗೆ ಒರೆಸಿಕೊಂಡು ತಲೆ ತಗ್ಗಿಸಿದರು. “ಕುಂತ್ಕಳ್ರಿ ನರ್ಸಮ್ಮ, ಚಾ ತರಿಸ್ತೀನಿ” ಎಂದು ಹೊರಗೆ ಹೋದರು. ಚಾಚಿಯ ಕಣ್ಣಿಂದ ಇಳಿಯುತ್ತಿದ್ದದ್ದನ್ನು ನಾನು ಸೆರಗಿನಿಂದ ಒರೆಸಿದೆ.

ಮುಂದಿನ ರಂಜಾನ್‌ಗೆ ಮೊದಲೇ ಚಾಚಿ ಹೋದರು. ಮೇಸ್ತ್ರಿ ಅಂಗಡಿ ಮುಚ್ಚಿ ಹಿರಿಯೂರಿನ ಮಗಳ ಮನೆ ಸೇರಿದರು. ಈಗ ಅವರೂ ಇಲ್ಲವಂತೆ... ಯಾರೋ ಬಸ್ಸಿನಲ್ಲಿ ಹೇಳಿದರು.

ಮೊನ್ನೆ ಆ ಯಂತ್ರದ ಅರಚಾಟ ಕೇಳಲಾರದೆ ಸೋಪಿನ ನೀರು ಕಲಸಿ ಕಾಂಪೌಂಡಿನ ಮೇಲಿಂದ ಹುಲ್ಲು ಕತ್ತರಿಸುವ ಹುಡುಗನಿಗೆ ಕೊಟ್ಟೆ. “ಗಾಳಿ ಎಳೀತೈತೆ ಕಣಪ್ಪ, ಸಂದಿಗೆ ಇದನ್ನ ಹನಿಸಿ ನೋಡು” ಎಂದು ಹೇಳಿ ವರಾಂಡಕ್ಕೆ ಬಂದು ನಿಂತೆ. ಅವನು ಹನಿಸಿದ. ಸದ್ದು ತಗ್ಗಿತು. ಅವನಿಗೇ ಕೇಳಿಸಿತು, “ಹೌದಮ್ಮ, ಇಲ್ಲೇ ಐತೆ!” ಎಂದು ಖುಷಿಯಿಂದ ನನ್ನ ಕಡೆ ತಿರುಗಿದ.

“ಅದ್ಯಾಕಮ್ಮ, ಇಷ್ಟು ಬಿಸಿಲಲ್ಲಿ ಲೈಟ್ ಹಾಕಿದೀರಿ?”

ನೋಡಿದರೆ ವರಾಂಡದ ಬಲ್ಬು ಉರಿಯುತ್ತಿತ್ತು. ಒತ್ತಿದ್ದು ನಾನೇ. ಓಡಿ ಬರುವವರು ಯಾರೂ ಇರಲಿಲ್ಲ. ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.