ಇನ್ನು ಸಾಕು ಎಂದು ಕರೆಸಿಕೊಂಡವಳು

ನಾನು ನಮ್ಮವ್ವನಿಗೆ ನಾಲ್ಕನೆಯ ಹೆಣ್ಣುಮಗಳು. ಶಿರವಾಳದ ಕಡೆಯ ನಮ್ಮೂರಲ್ಲಿ ಇಂಥ ಕೂಸಿಗೆ ‘ಇನ್ನು ಸಾಕು’ ಎಂಬ ಅರ್ಥ ಬರುವ ಹೆಸರಿಡುತ್ತಾರೆ. ದೇವರಿಗೆ ಹೇಳಬೇಕಾದ ಮಾತನ್ನು ಕೂಸಿಗೆ ಕಟ್ಟಿಬಿಡುತ್ತಾರೆ. ನನ್ನ ಬೆನ್ನಿಗೆ ತಮ್ಮ ಹುಟ್ಟಿದ. ಹೆಸರು ಫಲ ಕೊಟ್ಟಿತೆಂದು ಊರೇ ನಂಬಿತು.

ಅಲ್ಲಿಂದ ನನಗೆ ಕರೆ ಬರತೊಡಗಿತು. ಹೆಣ್ಣನ್ನೇ ಹಡೆದವರು ಮತ್ತೆ ಬಸುರಾದರೆ, ಕುಬಸದ ದಿನ ಬಸುರಿಯ ಪಕ್ಕ ನನ್ನನ್ನು ಕೂರಿಸಿ ಆರತಿ ಎತ್ತುತ್ತಿದ್ದರು. ನನ್ನ ಕೈಗೂ ಹಸಿರು ಬಳೆ, ಉಣ್ಣಲು ಹೋಳಿಗೆ. ಅಕ್ಕಂದಿರಿಗೆ ಸಿಗದ ಮರ್ಯಾದೆ. ನಿಜ ಹೇಳಬೇಕೆಂದರೆ, ನಾನು ಬೀಗುತ್ತಿದ್ದೆ.

ಒಂದು ಸಲ ಕಿರಾಣಿ ಅಂಗಡಿಯವರ ಸೊಸೆಯ ಪಕ್ಕ ಕೂತೆ. ಅವಳು ಹಡೆದದ್ದು ಹೆಣ್ಣು. ಅವಳ ಅತ್ತೆ ಸೀದಾ ನಮ್ಮ ಅಂಗಳಕ್ಕೆ ಬಂದಳು.

“ನಿಮ್ಮ ಪೋರಿ ಹೆಸರಿನ್ಯಾಗ ಏನೂ ಖದರ್ ಇಲ್ಲ. ಹೋಳಗಿ ತಿಂದು ನಮ್ಮ ಮನಿಗಿ ಹೆಣ್ಣ ಕೊಟ್ಟು ಬಂದಾಳ!”

“ತಪ್ಪಾತ್ರಿ ಅಕ್ಕಾರ,” ಎಂದಳು ಅವ್ವ.

ನಾನು ಏನು ತಪ್ಪು ಮಾಡಿದೆನೆಂದು ಆಮೇಲೆ ಕೇಳಿದೆ. ಅವ್ವ ನನ್ನ ಕೈಯ ಹಸಿರು ಬಳೆಗಳನ್ನು ತೆಗೆದಳು. ಮುಂದೆ ಯಾರೂ ಕರೆಯಲಿಲ್ಲ.

ಓದಿದೆ. ಶಹಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆಯಾದೆ. ಶಾಲೆಯ ಮಾಸ್ತರರಿಂದ ಹಿಡಿದು ಕಚೇರಿಯ ಸಾಹೇಬರವರೆಗೆ ಹೆಸರು ಕೇಳಿದವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ: “ಎಷ್ಟನೇಕಿ ನೀ?” ಕೇಳಿ ನಗುತ್ತಿದ್ದರು. ನಾನೂ ನಗುವುದನ್ನು ಕಲಿತೆ.

ಮದುವೆಯಾಗಿ ರಂಗಂಪೇಟೆಗೆ ಬಂದೆ. ಮೊದಲನೆಯದು ಹೆಣ್ಣು, ಎರಡನೆಯದೂ ಹೆಣ್ಣು. ಎರಡನೆಯವಳಿಗೆ ‘ಬೆಳಕು’ ಎಂಬ ಅರ್ಥದ ಹೆಸರು ಆರಿಸಿದ್ದೆ. ಗಂಡ ಹೂಂ ಎಂದಿದ್ದ. ತೊಟ್ಟಿಲಿಗೆ ಹಾಕುವ ದಿನ ನಾದಿನಿ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು, ಬೇರೆಯದೇ ಹೆಸರು ಹೇಳಿದಳು. ಅದರ ಅರ್ಥ ‘ಬೇಡ’. ಹೆಂಗಸರು ನಗುತ್ತ, ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು.

“ನಾ ಹೇಳಿದ ಹೆಸರು ಇದಲ್ಲ,” ಎಂದೆ.

“ಸಾಕು ಅಂದ್ರ ಈಗ ನಡ್ಯಂಗಿಲ್ಲ ವೈನಿ. ಬ್ಯಾಡ ಅಂತ ಖಡಕ್ಕಾಗಿ ಹೇಳಬೇಕು,” ಎಂದಳು ನಾದಿನಿ.

ಗಂಡ ತೊಟ್ಟಿಲ ಹಗ್ಗದ ಗಂಟು ನೋಡುತ್ತ ನಿಂತಿದ್ದ. ನಾನು ಅವ್ವನ ಕಡೆ ತಿರುಗಿದೆ. ಅವಳೊಬ್ಬಳಾದರೂ ನನ್ನ ಪರ ಮಾತಾಡುತ್ತಾಳೆ ಅಂದುಕೊಂಡಿದ್ದೆ.

“ನಿನ್ನ ಹೆಸರಿನಿಂದ ನಿನಗೇನ್ ಕಡಿಮಿ ಆಗ್ಯಾದ? ನೌಕ್ರಿ ಅದ, ಗಂಡ ಅದಾನ. ಸುಮ್ಕ ಕೂಡು,” ಎಂದಳು ಅವ್ವ.

ಅಷ್ಟು ವರ್ಷದಲ್ಲಿ ಆ ಹೆಸರಿನ ಬಗ್ಗೆ ಅವಳು ನನ್ನೊಡನೆ ಆಡಿದ ಮಾತು ಅದೊಂದೇ. ನಾನು ಎಲ್ಲರೆದುರು ಕೂಸನ್ನು ಎತ್ತಿಕೊಂಡು ನಾನು ಆರಿಸಿದ್ದ ಹೆಸರನ್ನು ಅದರ ಕಿವಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಅತ್ತೆ ಎದ್ದು ಅಡುಗೆಮನೆಗೆ ಹೋದಳು.

ಜಗಳವಾಡಿಯೇ ಮತ್ತೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡೆ. ಗಂಡ ಒಂದು ತಿಂಗಳು ಮಾತು ಬಿಟ್ಟ.

ಈಗ ಎರಡನೆಯವಳಿಗೆ ಆರು ವರ್ಷ. ನಾನಿಟ್ಟ ಹೆಸರು ಶಾಲೆಯಲ್ಲಿ ನಡೆಯುತ್ತದೆ, ಮನೆಯಲ್ಲಿ ನನ್ನೊಬ್ಬಳ ಬಾಯಲ್ಲಿ ಮಾತ್ರ. ಅತ್ತೆ ‘ಬೇಡ’ ಎಂದು ಕೂಗಿದರೆ “ಬಂದೆ ಆಯೀ” ಎಂದು ಓಡುತ್ತಾಳೆ. ನಾನು ಕೂಗಿದರೆ ಎರಡನೆಯ ಸಲಕ್ಕೆ ತಿರುಗುತ್ತಾಳೆ.